ಬ್ಲಾಕ್ ಮಾಡಿದ ಚೆಂಡು ಯಾರ ಕೈಗೆ ಹೋಯಿತು? ಬಿಲ್ ರಸೆಲ್ ಆಟದ ಲೆಕ್ಕ

ನಮ್ಮ ಕಾಲೇಜಿನಲ್ಲಿ ಒಂದು ಸಿಮೆಂಟ್ ಬಾಸ್ಕೆಟ್‌ಬಾಲ್ ಕೋರ್ಟ್ ಇತ್ತು. ಒಂದು ಕಡೆ ಹಾಸ್ಟೆಲ್, ಇನ್ನೊಂದು ಕಡೆ ಕಾಂಪೌಂಡ್ ಗೋಡೆ, ಗೋಡೆಯಾಚೆ ಮೋರಿ. ಆರಡಿ ಮೂರಿಂಚಿನ ಸೀನಿಯರ್ ಒಬ್ಬರಿದ್ದರು. ಯಾರಾದರೂ ರಿಂಗ್ ಹತ್ತಿರ ಹೋಗಿ ಶಾಟ್ ಎತ್ತಿದರೆ ಸಾಕು, ಎಲ್ಲಿಂದಲೋ ಹಾರಿ ಬಂದು ಅಂಗೈಯಲ್ಲಿ ಫಟಾರ್ ಅಂತ ಬಾರಿಸುತ್ತಿದ್ದರು. ಚೆಂಡು ಗೋಡೆ ದಾಟಿ ಸೀದಾ ಮೋರಿಗೆ. ಸುತ್ತ ನಿಂತವರದ್ದೆಲ್ಲ ಶಿಳ್ಳೆಯೋ ಶಿಳ್ಳೆ. ಜೂನಿಯರ್ ಒಬ್ಬ ಗೋಡೆ ಹತ್ತಿ ಇಳಿದು, ಚೆಂಡು ತಂದು, ಪ್ಯಾಂಟಿಗೆ ಒರೆಸಿ ಕೊಡುತ್ತಿದ್ದ. ಯಾರಿಗೆ? ಎದುರು ತಂಡಕ್ಕೆ. ಚೆಂಡು ಗೆರೆ ದಾಟಿದರೆ ಅದು ಕೊನೆಗೆ ಮುಟ್ಟಿದವರ ಎದುರಾಳಿಗೆ ಸೇರಬೇಕು, ನಿಯಮ ಅದು. ಅಷ್ಟೆಲ್ಲ ಹಾರಾಡಿ, ಶಿಳ್ಳೆ ಹೊಡೆಸಿಕೊಂಡು, ನಮ್ಮ ಸೀನಿಯರ್ ಮಾಡಿದ್ದಿಷ್ಟೇ: ಎದುರಾಳಿಗೆ ಇನ್ನೊಂದು ಅವಕಾಶ ಕೊಟ್ಟಿದ್ದು.

ಬಿಲ್ ರಸೆಲ್ ಬಗ್ಗೆ ಮೊದಲ ಸಲ ಓದಿದಾಗ ನನಗೆ ನೆನಪಾಗಿದ್ದು ಆ ಮೋರಿ. ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಇತಿಹಾಸದಲ್ಲೇ ಅತಿ ಹೆಚ್ಚು ಚಾಂಪಿಯನ್‌ಶಿಪ್ ಗೆದ್ದ ಆಟಗಾರ ಈ ರಸೆಲ್. ಬ್ಲಾಕ್ ಮಾಡೋದರಲ್ಲಿ, ಅಂದರೆ ಎದುರಾಳಿ ಎಸೆದ ಶಾಟನ್ನು ಗಾಳಿಯಲ್ಲೇ ತಡೆಯೋದರಲ್ಲಿ, ಅವರನ್ನು ಮೀರಿಸಿದವರಿಲ್ಲ ಅಂತ ಅವರ ಕಾಲದವರು ಹೇಳುತ್ತಾರೆ. ಆದರೆ ಅವರು ಚೆಂಡನ್ನು ಬಾರಿಸುತ್ತಿರಲಿಲ್ಲ. ಬೆರಳ ತುದಿಯಲ್ಲಿ ತಟ್ಟುತ್ತಿದ್ದರು. ಚೆಂಡು ಅಲ್ಲೇ ಮೇಲಕ್ಕೆ ಚಿಮ್ಮುತ್ತಿತ್ತು. ಅದನ್ನು ಅವರೇ ಹಿಡಿಯುತ್ತಿದ್ದರು, ಇಲ್ಲವಾದರೆ ಪಕ್ಕದಲ್ಲಿದ್ದ ತಮ್ಮ ತಂಡದವನಿಗೆ ಸಿಗುತ್ತಿತ್ತು. ಈ ಸಣ್ಣ ವ್ಯತ್ಯಾಸ ಅರ್ಥವಾದರೆ ರಸೆಲ್ ಅರ್ಧ ಅರ್ಥವಾದ ಹಾಗೆ.

ಮೊದಲು ಒಗಟು ಏನು ಅಂತ ನೋಡೋಣ. 1956ರಿಂದ 1969ರವರೆಗೆ ಅವರು ಬಾಸ್ಟನ್ ಸೆಲ್ಟಿಕ್ಸ್ ತಂಡಕ್ಕೆ 13 ಸೀಸನ್ ಆಡಿದರು. ಅದರಲ್ಲಿ 11 ಸಲ ತಂಡ ಚಾಂಪಿಯನ್. 1959ರಿಂದ 1966ರವರೆಗಂತೂ ಸತತ ಎಂಟು ವರ್ಷ ಬೇರೆ ಯಾರಿಗೂ ಕಪ್ ಮುಟ್ಟೋಕೆ ಬಿಡಲಿಲ್ಲ. ಹಾಗಾದರೆ ಈ ಮನುಷ್ಯ ರಾಶಿ ರಾಶಿ ಪಾಯಿಂಟ್ ಹೊಡೆದಿರಬೇಕು ಅಲ್ವಾ? ಇಲ್ಲ. ಪಂದ್ಯಕ್ಕೆ ಸರಾಸರಿ 15.1 ಪಾಯಿಂಟ್. ಫ್ರೀ ಥ್ರೋ ಅಂದರೆ ಯಾರೂ ಅಡ್ಡ ಬರದೆ, ಸುಮ್ನೆ ನಿಂತು ಎಸೆಯುವ ಶಾಟ್. ಅದರಲ್ಲೂ ನೂರಕ್ಕೆ 56 ಮಾತ್ರ ಒಳಗೆ ಬೀಳುತ್ತಿತ್ತು. ದೂರದಿಂದ ಎಸೆಯುವ ಕೈಚಳಕ ಅವರಿಗೆ ಇರಲೇ ಇಲ್ಲ. ಇವತ್ತಿನ ಹುಡುಗರಿಗೆ ಈ ಅಂಕಿ ತೋರಿಸಿದರೆ ‘ಇವರನ್ನ ಯಾಕೆ ಅಷ್ಟು ಹೊಗಳ್ತಾರೆ?’ ಅಂತಾರೆ.

ಉತ್ತರ ಸ್ಕೋರ್ ಶೀಟ್‌ನಲ್ಲಿ ಇಲ್ಲ. ಎನ್‌ಬಿಎಯಲ್ಲಿ ಬ್ಲಾಕ್‌ಗಳನ್ನು ಅಧಿಕೃತವಾಗಿ ಬರೆದಿಡಲು ಶುರು ಮಾಡಿದ್ದು 1973-74ರ ಸೀಸನ್‌ನಿಂದ. ಅಷ್ಟು ಹೊತ್ತಿಗೆ ರಸೆಲ್ ಆಟ ಬಿಟ್ಟು ನಾಲ್ಕು ವರ್ಷ ಆಗಿತ್ತು. ಅವರು ಜೀವಮಾನವಿಡೀ ಏನು ಮಾಡಿದರೋ ಅದಕ್ಕೆ ಕಾಲಂ ಇರಲಿಲ್ಲ.

ಸೆಂಟರ್ ಅಂದರೆ ತಂಡದಲ್ಲಿ ಎತ್ತರದವನು, ರಿಂಗ್ ಹತ್ತಿರವೇ ಇರುವವನು. ರಸೆಲ್ ಬರುವ ಮೊದಲು ಈ ಜಾಗದ ರಾಜ ಜಾರ್ಜ್ ಮೈಕನ್. ಆರಡಿ ಹತ್ತಿಂಚು, ಕನ್ನಡಕ, ಭಾರಿ ದೇಹ. ರಿಂಗ್ ಕೆಳಗೆ ನಿಂತು, ಚೆಂಡು ತರಿಸಿಕೊಂಡು, ಭುಜ ಕೊಟ್ಟು ತಿರುಗಿ ಹಾಕುವುದು ಅವರ ಆಟ. ಸೆಂಟರ್ ಅಂದರೆ ಹಾಗೇ ಇರಬೇಕು ಅಂತ ಎಲ್ಲರೂ ಅಂದುಕೊಂಡಿದ್ದರು. ಡಿಫೆನ್ಸ್ ಬಗ್ಗೆ ಆಗಿನ ಕೋಚ್‌ಗಳ ಪಾಠ ಒಂದೇ: ಕಾಲು ನೆಲ ಬಿಡಬಾರದು. ಹಾರಿದವನು ಕೆಟ್ಟ. ಎದುರಿನವನು ಸುಳ್ಳು ಶಾಟ್ ತೋರಿಸಿ, ನಿನ್ನನ್ನು ಗಾಳಿಯಲ್ಲಿ ಬಿಟ್ಟು, ಪಕ್ಕದಿಂದ ನುಗ್ಗಿ ಹೋಗ್ತಾನೆ ಅಂತ.

ರಸೆಲ್ ಹಾರಿದರು. ಅವರಿಗೆ ಹಾರೋದು ಸಹಜವಾಗೇ ಬರುತ್ತಿತ್ತು. ಕಾಲೇಜಿನಲ್ಲಿ ಹೈಜಂಪ್‌ನಲ್ಲಿ ಆರಡಿ ಒಂಬತ್ತಿಂಚು ದಾಟಿದ್ದರು.

ಹುಟ್ಟಿದ್ದು 1934ರಲ್ಲಿ, ಅಮೆರಿಕದ ದಕ್ಷಿಣದ ಲೂಸಿಯಾನಾ ರಾಜ್ಯದ ಮನ್ರೋ ಊರಿನ ಕಡೆ. ಕಪ್ಪು ಜನರಿಗೆ ಬೇರೆ ಬಸ್ ಸೀಟು, ಬೇರೆ ನಲ್ಲಿ, ಬೇರೆ ಶಾಲೆ ಇದ್ದ ಕಾಲ. ಒಮ್ಮೆ ಅಪ್ಪ ಚಾರ್ಲ್ಸ್ ಪೆಟ್ರೋಲ್ ಬಂಕ್‌ನಲ್ಲಿ ಗಾಡಿ ನಿಲ್ಲಿಸಿದರು. ಬಿಳಿಯರದ್ದೆಲ್ಲ ಆಗುವವರೆಗೆ ಕಾಯಿಸಿದರು. ಬೇಸರವಾಗಿ ಹೊರಡೋಕೆ ನೋಡಿದರೆ ಬಂಕಿನವನು ಬಂದೂಕು ತೋರಿಸಿದ. ರಸೆಲ್‌ಗೆ ಎಂಟು ವರ್ಷ ಇರುವಾಗ ಮನೆಯವರು ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ಗೆ ಬಂದರು. ಹನ್ನೆರಡು ತುಂಬುವಾಗ ತಾಯಿ ಕೇಟಿ ತೀರಿಕೊಂಡರು. ಮಕ್ಕಳನ್ನು ಓದಿಸಬೇಕು ಅನ್ನೋದು ಆಕೆಯ ಆಸೆಯಾಗಿತ್ತು.

ಮಕ್‌ಕ್ಲೈಮಂಡ್ಸ್ ಹೈಸ್ಕೂಲಿನಲ್ಲಿ ಈ ಹುಡುಗ ಆಟದಲ್ಲಿ ಎಷ್ಟು ಸಾಧಾರಣ ಅಂದರೆ, ಕಿರಿಯರ ತಂಡದಲ್ಲಿ 15 ಜೆರ್ಸಿ ಇದ್ದವು, ಇವರು ಹದಿನಾರನೆಯವರು. ಕೋಚ್ ಜಾರ್ಜ್ ಪವೆಲ್ಸ್ ಮನಸ್ಸು ಮಾಡಿ ಉಳಿಸಿಕೊಂಡರು. ಇನ್ನೊಬ್ಬ ಹುಡುಗನೂ ಇವರೂ ಒಂದೇ ಜೆರ್ಸಿಯನ್ನು ಸರದಿಯಲ್ಲಿ ಹಾಕಿಕೊಳ್ಳಬೇಕಿತ್ತು. ಒಂದು ಪಂದ್ಯಕ್ಕೆ ಅವನು, ಮುಂದಿನದಕ್ಕೆ ಇವರು.

ಆ ದಿನಗಳ ಇನ್ನೊಂದು ವಿಷಯ ನನಗೆ ಬಹಳ ಇಷ್ಟ. ಹುಡುಗ ರಸೆಲ್ ಲೈಬ್ರರಿಯಿಂದ ಮೈಕೆಲ್ಯಾಂಜೆಲೊ, ಡಾ ವಿಂಚಿ ಚಿತ್ರಗಳ ಪ್ರತಿಗಳನ್ನು ಮನೆಗೆ ತರುತ್ತಿದ್ದರು. ದಿನಗಟ್ಟಲೆ ನೋಡಿ, ಮನಸ್ಸಿನಲ್ಲಿ ಅಚ್ಚೊತ್ತಿಕೊಂಡು, ಆಮೇಲೆ ನೋಡದೆ ಬಿಡಿಸಲು ಕೂರುತ್ತಿದ್ದರು. ಬರುತ್ತಿರಲಿಲ್ಲ. ಕೈ ಮಾತು ಕೇಳುತ್ತಿರಲಿಲ್ಲ. ಹೈಸ್ಕೂಲ್ ಮುಗಿದ ಮೇಲೆ ಒಂದು ತಂಡದ ಜೊತೆ ಬಸ್ಸಿನಲ್ಲಿ ಊರೂರು ಸುತ್ತುವಾಗ ಅದೇ ಅಭ್ಯಾಸ ಬೇರೆ ರೂಪದಲ್ಲಿ ಬಂತು. ಜೊತೆಗಾರ ಒಂದು ಹೊಸ ವರಸೆ ಆಡಿದರೆ ಕಣ್ಣು ಮುಚ್ಚಿ ಅದನ್ನೇ ಮತ್ತೆ ಮತ್ತೆ ಓಡಿಸಿ ನೋಡೋದು. ಆಮೇಲೆ ಅವನ ಜಾಗದಲ್ಲಿ ತನ್ನನ್ನು ಇಟ್ಟು ನೋಡೋದು. ಆಮೇಲೆ ಆ ವರಸೆಯನ್ನು ತಡೆಯುವವನಾಗಿ ತನ್ನನ್ನು ಇಟ್ಟು ನೋಡೋದು. ಈ ಸಲ ಕೋರ್ಟಿಗೆ ಇಳಿದರೆ ಮೈ ಮಾತು ಕೇಳಿತು. ಎದುರಿನವನ ಕನ್ನಡಿ ಬಿಂಬದ ಹಾಗೆ ಚಲಿಸುವ ಡಿಫೆನ್ಸ್ ಹುಟ್ಟಿದ್ದು ಅಲ್ಲಿ.

ಸ್ಕಾಲರ್‌ಶಿಪ್ ಕೊಟ್ಟು ಕರೆದ ಕಾಲೇಜು ಒಂದೇ, ಯೂನಿವರ್ಸಿಟಿ ಆಫ್ ಸ್ಯಾನ್ ಫ್ರಾನ್ಸಿಸ್ಕೊ. ಅದಕ್ಕೆ ಆಗ ಆಡಲು ಸ್ವಂತ ಜಿಮ್ ಕೂಡ ಇರಲಿಲ್ಲ. ಅಲ್ಲಿ ರೂಮ್‌ಮೇಟ್ ಆಗಿ ಸಿಕ್ಕವರು ಕೆ. ಸಿ. ಜೋನ್ಸ್. ಇಬ್ಬರೂ ರಾತ್ರಿಯಿಡೀ ಬಾಸ್ಕೆಟ್‌ಬಾಲನ್ನು ರೇಖಾಗಣಿತದ ಹಾಗೆ ಮಾತಾಡುತ್ತಿದ್ದರಂತೆ. ಚೆಂಡು ಈ ಕೋನದಿಂದ ಹೊರಟರೆ, ತಪ್ಪಿದರೆ, ರಿಂಗ್‌ನ ಯಾವ ಕಡೆ ಪುಟಿಯುತ್ತದೆ? ಅಲ್ಲಿಗೆ ಮೊದಲು ತಲುಪೋಕೆ ಈಗ ಎಲ್ಲಿ ನಿಂತಿರಬೇಕು? 1955, 1956 ಎರಡೂ ವರ್ಷ ಈ ಪುಟ್ಟ ಕಾಲೇಜು ರಾಷ್ಟ್ರೀಯ ಚಾಂಪಿಯನ್. ರಸೆಲ್ ಕಾಲೇಜು ಬಿಡುವ ಹೊತ್ತಿಗೆ ನಿಯಮವನ್ನೇ ಬದಲಿಸಿದರು. ರಿಂಗ್ ಎದುರಿನ ಆಯತದಲ್ಲಿ ದಾಳಿ ಮಾಡುವ ತಂಡದವರು ಮೂರು ಸೆಕೆಂಡ್‌ಗಿಂತ ಜಾಸ್ತಿ ನಿಲ್ಲುವಂತಿಲ್ಲ. ಆ ಆಯತದ ಅಗಲವನ್ನು ಆರಡಿಯಿಂದ ಹನ್ನೆರಡಡಿಗೆ ಹಿಗ್ಗಿಸಿದರು. ಎತ್ತರದವರು ರಿಂಗ್‌ನಿಂದ ದೂರ ಇರಲಿ ಅಂತ.

ಈಗ ಬ್ಲಾಕ್ ವಿಷಯಕ್ಕೆ ಬರೋಣ. ಇದನ್ನು ಸ್ವಲ್ಪ ನಿಧಾನಕ್ಕೆ ನೋಡಬೇಕು.

ಎಸೆದ ಚೆಂಡು ಮೇಲೆ ಏರುತ್ತಿರುವಾಗ ಮಾತ್ರ ಮುಟ್ಟಬಹುದು. ರಿಂಗ್ ಕಡೆ ಇಳಿಯಲು ಶುರುವಾದ ಮೇಲೆ ಮುಟ್ಟಿದರೆ ಪಾಯಿಂಟ್ ಎದುರಾಳಿಗೆ. ಅಂದರೆ ಸಿಗುವ ಸಮಯ ಕಣ್ಣು ಮಿಟುಕಿಸುವಷ್ಟು. ಬೇಗ ಹಾರಿದರೆ ಮೋಸ ಹೋಗುತ್ತೀರಿ, ತಡವಾದರೆ ಚೆಂಡು ಹೋಗಿರುತ್ತದೆ. ರಸೆಲ್ ಎದುರಿನವನ ಕಾಲು ನೆಲ ಬಿಡುವವರೆಗೂ ಕಾಯಬಲ್ಲವರಾಗಿದ್ದರು. ಆಮೇಲೆ ಹಾರಿಯೂ ಅವನಿಗಿಂತ ಮೊದಲು ಮೇಲೆ ಇರುತ್ತಿದ್ದರು. ಆರಡಿ ಹತ್ತಿಂಚು ಎತ್ತರ, ಅದಕ್ಕಿಂತ ಉದ್ದದ ತೋಳು, ಹೈಜಂಪ್ ಕಾಲು. ಇದರ ಜೊತೆ ಇನ್ನೊಂದು ಅದೃಷ್ಟ: ಅವರು ಎಡಗೈಯವರು. ಬಹುಪಾಲು ಆಟಗಾರರು ಶಾಟ್ ಹೊಡೆಯೋದು ಬಲಗೈಯಲ್ಲಿ. ನೀವು ಯಾರನ್ನಾದರೂ ಎದುರಿಗೆ ನಿಲ್ಲಿಸಿ ನೋಡಿ. ಅವರ ಬಲಗೈ ನಿಮ್ಮ ಎಡಗೈಗೆ ನೇರ ಎದುರು ಬರುತ್ತದೆ. ಬಲಗೈಯವನು ಆ ಚೆಂಡಿಗೆ ಕೈ ಹಾಕಬೇಕಾದರೆ ಮೈ ಅಡ್ಡ ತಿರುಗಿಸಬೇಕು, ಮೈ ತಗುಲಿದರೆ ಫೌಲ್. ರಸೆಲ್ ಮಾತ್ರ ತಮ್ಮ ಒಳ್ಳೆಯ ಕೈಯನ್ನು ನೇರ ಮೇಲೆ ಎತ್ತಿದರೆ ಸಾಕಿತ್ತು.

ಇನ್ನು ಲೆಕ್ಕ. ಚೆಂಡನ್ನು ಹೊರಗೆ ಬಾರಿಸಿದರೆ ಎದುರಾಳಿ ಮತ್ತೆ ಆಡುತ್ತಾನೆ, ಬಹುಶಃ ಅದೇ 2 ಪಾಯಿಂಟ್ ಗಳಿಸುತ್ತಾನೆ. ತಟ್ಟಿ ಒಳಗೇ ಉಳಿಸಿದರೆ ಅವನ 2 ಪಾಯಿಂಟ್ ತಪ್ಪಿತು. ಅಷ್ಟೇ ಅಲ್ಲ. ಎದುರು ತಂಡದವರೆಲ್ಲ ಈಗ ಈ ತುದಿಯಲ್ಲಿದ್ದಾರೆ. ಚೆಂಡು ನಮ್ಮ ಕೈಯಲ್ಲಿದೆ. ಆ ತುದಿಯಲ್ಲಿ ಕಾಯುವವರೇ ಇಲ್ಲ. ರಸೆಲ್ ಅದನ್ನು ಜೊತೆಗಾರ ಬಾಬ್ ಕೂಸಿ ಕೈಗೆ ಹಾಕುತ್ತಿದ್ದರು, ಕೂಸಿ ಓಡುತ್ತಲೇ ಮುಂದಕ್ಕೆ ಕೊಡುತ್ತಿದ್ದರು, ಮೂರ್ನಾಲ್ಕು ಸೆಕೆಂಡಿನಲ್ಲಿ ಸೆಲ್ಟಿಕ್ಸ್‌ಗೆ 2 ಪಾಯಿಂಟ್. ಒಂದೇ ತಟ್ಟಿಗೆ ನಾಲ್ಕು ಪಾಯಿಂಟ್ ವ್ಯತ್ಯಾಸ. ಮರುದಿನದ ಪೇಪರ್‌ನಲ್ಲಿ ಆ 2 ಪಾಯಿಂಟ್ ಇನ್ಯಾರದೋ ಹೆಸರಿನ ಮುಂದೆ ಇರುತ್ತಿತ್ತು.

ಎಲ್ಲ ಶಾಟನ್ನೂ ಬ್ಲಾಕ್ ಮಾಡೋಕೆ ಆಗಲ್ಲ, ಮಾಡಲೂಬೇಕಾಗಿಲ್ಲ ಅಂತ ರಸೆಲ್ ಹೇಳುತ್ತಿದ್ದರು. ಯಾವುದನ್ನು ಬೇಕಾದರೂ ಮಾಡಬಹುದು ಅಂತ ಎದುರಿನವನಿಗೆ ಅನ್ನಿಸಿದರೆ ಸಾಕು. ಎರಡು ಸಲ ತಟ್ಟಿಸಿಕೊಂಡವನು ಮೂರನೇ ಸಲ ಚೆಂಡನ್ನು ಬೇಕಾದ್ದಕ್ಕಿಂತ ಎತ್ತರಕ್ಕೆ ಎಸೆಯುತ್ತಾನೆ. ನಾಲ್ಕನೇ ಸಲ ಒಳಗೆ ಬರೋದೇ ಬೇಡ ಅಂತ ದೂರದಿಂದ ಎಸೆಯುತ್ತಾನೆ. ರಸೆಲ್ ನಿಂತಲ್ಲಿಂದ ಕದಲಿರುವುದಿಲ್ಲ.

ಕ್ರಿಕೆಟ್ ನೋಡುವವರಿಗೆ ಏಕನಾಥ್ ಸೋಲ್ಕರ್ ನೆನಪಿರಬಹುದು. ಹೆಲ್ಮೆಟ್ ಇಲ್ಲದೆ ಬ್ಯಾಟ್‌ನ ಮೂಗಿನ ಕೆಳಗೇ ಶಾರ್ಟ್ ಲೆಗ್‌ನಲ್ಲಿ ಕುಕ್ಕರಗಾಲಲ್ಲಿ ಕೂತಿರುತ್ತಿದ್ದರು. 27 ಟೆಸ್ಟ್‌ನಲ್ಲಿ 53 ಕ್ಯಾಚ್. ನಮ್ಮ ಪ್ರಸನ್ನ, ಚಂದ್ರಶೇಖರ್ ಬೌಲಿಂಗ್ ಮಾಡುವಾಗ ಬ್ಯಾಟ್ಸ್‌ಮನ್‌ನ ಅರ್ಧ ಗಮನ ಚೆಂಡಿನ ಮೇಲೆ, ಇನ್ನರ್ಧ ಸೋಲ್ಕರ್ ಮೇಲೆ. ಆ ಭಯದಿಂದ ಬೇರೆ ಕಡೆ ಬಿದ್ದ ವಿಕೆಟ್ ಎಷ್ಟೋ, ಅದಕ್ಕೆ ಲೆಕ್ಕವಿಲ್ಲ. ಆದರೂ ಸೋಲ್ಕರ್ ಹಿಡಿದ ಕ್ಯಾಚ್‌ಗಾದರೂ ಸ್ಕೋರ್‌ಬೋರ್ಡ್‌ನಲ್ಲಿ ಹೆಸರು ಬರುತ್ತಿತ್ತು. ರಸೆಲ್‌ಗೆ ಅದೂ ಇಲ್ಲ.

ಇದರಿಂದ ಉಳಿದ ನಾಲ್ವರ ಆಟವೂ ಬದಲಾಯಿತು. ಹಿಂದೆ ರಸೆಲ್ ಇದ್ದಾರೆ ಅನ್ನೋ ಧೈರ್ಯದಲ್ಲಿ ಅವರು ಎದುರಿನವನ ಮೈಮೇಲೇ ಹೋಗಿ ಚೆಂಡು ಕಸಿಯಲು ನೋಡಬಹುದಿತ್ತು. ತಪ್ಪಿಸಿಕೊಂಡು ಹೋದರೆ ಹೋಗಲಿ. ‘ಹೇ ಬಿಲ್!’ ಅಂತ ಒಂದು ಕೂಗು ಹಾಕಿದರಾಯಿತು.

ರಸೆಲ್ ಬಾಸ್ಟನ್‌ಗೆ ಬಂದದ್ದೂ ಒಂದು ದೊಡ್ಡ ಜೂಜೇ. ಡ್ರಾಫ್ಟ್ ಅಂದರೆ ಲೀಗ್‌ನ ತಂಡಗಳು ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸಿಕೊಳ್ಳೋದು. 1956ರ ಡ್ರಾಫ್ಟ್‌ನಲ್ಲಿ ಎರಡನೇ ಆಯ್ಕೆಯ ಹಕ್ಕು ಸೇಂಟ್ ಲೂಯಿಸ್ ಹಾಕ್ಸ್ ತಂಡದ್ದು. ಸೆಲ್ಟಿಕ್ಸ್ ಕೋಚ್ ರೆಡ್ ಆವರ್‌ಬಾಕ್ ತಮ್ಮ ತಂಡದ ತಾರೆ ಎಡ್ ಮೆಕಾಲಿಯನ್ನೂ, ಜೊತೆಗೆ ಕ್ಲಿಫ್ ಹೇಗನ್ ಎಂಬ ಹೊಸಬನನ್ನೂ ಕೊಟ್ಟು ರಸೆಲ್‌ರನ್ನು ತಂದರು. ಮೆಕಾಲಿ ಸೇಂಟ್ ಲೂಯಿಸ್‌ನವರೇ, ಮಗನಿಗೆ ಹುಷಾರಿರಲಿಲ್ಲ, ಅವರಿಗೂ ಊರಿಗೆ ಹೋಗಬೇಕಿತ್ತು. ಪಾಯಿಂಟ್ ಹೊಡೆಯೋಕೆ ಬಾರದ ಹುಡುಗನಿಗೆ ಇಷ್ಟೊಂದು ಕೊಡಬೇಕಾ ಅಂತ ಆಗ ಅನೇಕರು ಮೂಗು ಮುರಿದರು. ಕೂಸಿ ಥರದ ಆಟಗಾರ ಇದ್ದೂ ಸೆಲ್ಟಿಕ್ಸ್ ಅಲ್ಲಿಯವರೆಗೆ ಒಮ್ಮೆಯೂ ಫೈನಲ್ ಮುಟ್ಟಿರಲಿಲ್ಲ. ಪಾಯಿಂಟ್ ಹೊಡೆಯುವವರು ಬೇಕಾದಷ್ಟು ಜನ ಇದ್ದರು. ಚೆಂಡು ತಂದುಕೊಡುವವರು ಇರಲಿಲ್ಲ. ಆವರ್‌ಬಾಕ್‌ಗೆ ಅದು ಗೊತ್ತಿತ್ತು.

ರಸೆಲ್ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದುಕೊಂಡು ಡಿಸೆಂಬರ್‌ನಲ್ಲಿ ತಂಡ ಸೇರಿದರು. ಏಪ್ರಿಲ್ 1957ರಲ್ಲಿ ಫೈನಲ್, ಎದುರಿಗೆ ಅದೇ ಸೇಂಟ್ ಲೂಯಿಸ್. ನಾಲ್ಕು ಪಂದ್ಯ ಮೊದಲು ಗೆದ್ದವರಿಗೆ ಕಪ್, ಮೂರು-ಮೂರು ಸಮವಾದರೆ ಏಳನೆಯದೇ ನಿರ್ಣಾಯಕ. ಏಳನೇ ಪಂದ್ಯ. ಆ ದಿನ ಕೂಸಿ ಮತ್ತು ಬಿಲ್ ಶರ್ಮನ್, ತಂಡದ ಇಬ್ಬರು ದೊಡ್ಡ ಶೂಟರ್‌ಗಳು, ಸೇರಿ 40 ಶಾಟ್ ಹೊಡೆದರು. ಒಳಗೆ ಬಿದ್ದಿದ್ದು 5. ಅಂಥ ದಿನ ಯಾವ ತಂಡವೂ ಉಳಿಯಬಾರದು. ನಿಗದಿತ ಸಮಯ ಮುಗಿಯುತ್ತಾ ಬಂದಾಗ ಹಾಕ್ಸ್‌ನ ಜ್ಯಾಕ್ ಕೋಲ್ಮನ್‌ಗೆ ಕೋರ್ಟಿನ ನಡುವೆ ಚೆಂಡು ಸಿಕ್ಕಿತು. ಮುಂದೆ ಯಾರೂ ಇಲ್ಲ. ರಸೆಲ್ ಇದ್ದದ್ದು ಆಚೆ ತುದಿಯ ಗೆರೆಯ ಹತ್ತಿರ. ಅಲ್ಲಿಂದ ಓಡಿದರು. ಕೋಲ್ಮನ್ ಚೆಂಡು ಎತ್ತುವ ಹೊತ್ತಿಗೆ ಹಿಂದಿನಿಂದ ಬಂದ ಕೈ ಅದನ್ನು ತಟ್ಟಿತ್ತು. ಎರಡು ಓವರ್‌ಟೈಮ್ ಆದ ಮೇಲೆ ಸೆಲ್ಟಿಕ್ಸ್ 125-123ರಲ್ಲಿ ಗೆದ್ದಿತು. ಟಾಮ್ ಹೈನ್‌ಸನ್ 37 ಪಾಯಿಂಟ್ ಹೊಡೆದರು. ರಸೆಲ್ 19 ಪಾಯಿಂಟ್, 32 ರಿಬೌಂಡ್. ರಿಬೌಂಡ್ ಅಂದರೆ ತಪ್ಪಿ ಪುಟಿದ ಚೆಂಡನ್ನು ಹಿಡಿಯೋದು.

ಮರುವರ್ಷ ಫೈನಲ್‌ನ ಮೂರನೇ ಪಂದ್ಯದಲ್ಲಿ ಪಾದದ ಕೀಲು ಉಳುಕಿ ರಸೆಲ್ ಕೂರಬೇಕಾಯಿತು. ಹಾಕ್ಸ್ ಗೆದ್ದಿತು. ಆಮೇಲೆ ಆ ಎಂಟು ವರ್ಷಗಳ ಓಟ. ಒಂದೊಂದನ್ನೂ ಹೇಳಲು ಹೋಗಲ್ಲ.

1962ರದ್ದು ಮಾತ್ರ ಹೇಳಲೇಬೇಕು. ಆ ಸೀಸನ್‌ನಲ್ಲಿ ಎದುರಾಳಿ ತಂಡದ ಸೆಂಟರ್ ವಿಲ್ಟ್ ಚೇಂಬರ್ಲೇನ್ ಪಂದ್ಯಕ್ಕೆ ಸರಾಸರಿ 50.4 ಪಾಯಿಂಟ್ ಹೊಡೆದರು. ಒಂದೇ ಪಂದ್ಯದಲ್ಲಿ ನೂರು ಹೊಡೆದದ್ದೂ ಆ ವರ್ಷವೇ. ಆಸ್ಕರ್ ರಾಬರ್ಟ್‌ಸನ್ ಪಾಯಿಂಟ್, ರಿಬೌಂಡ್, ಅಸಿಸ್ಟ್ (ಜೊತೆಗಾರ ಪಾಯಿಂಟ್ ಹೊಡೆಯುವಂತೆ ಕೊಟ್ಟ ಪಾಸ್) ಮೂರರಲ್ಲೂ ಸರಾಸರಿ ಹತ್ತು ದಾಟಿದರು. ವರ್ಷದ ಅತ್ಯುತ್ತಮ ಆಟಗಾರ ಯಾರು? ರಸೆಲ್. ಆ ಪ್ರಶಸ್ತಿಗೆ ಆಗ ಮತ ಹಾಕುತ್ತಿದ್ದವರು ಆಟಗಾರರೇ. ಅದೇ ವರ್ಷ ಪತ್ರಕರ್ತರು ಅತ್ಯುತ್ತಮ ಐವರೆಂದು ಆರಿಸಿದ ಲೀಗ್‌ನ ಮೊದಲ ತಂಡದಲ್ಲಿ ಸೆಂಟರ್ ಚೇಂಬರ್ಲೇನ್. ರಸೆಲ್ ಎರಡನೇ ತಂಡದಲ್ಲಿ! 1958, 1961ರಲ್ಲೂ ಹೀಗೇ ಆಗಿತ್ತು. ಐದು ಸಲ ಅತ್ಯುತ್ತಮ ಆಟಗಾರ, ಅದರಲ್ಲಿ ಮೂರು ಸಲ ಎರಡನೇ ತಂಡ. ಗ್ಯಾಲರಿಯಲ್ಲಿ ಕೂತು ಪೆನ್ಸಿಲ್ ಹಿಡಿದವರಿಗೆ ಕಂಡದ್ದೇ ಬೇರೆ, ರಿಂಗ್ ಕೆಳಗೆ ಆ ಕೈಯನ್ನು ಎದುರಿಸಿದವರಿಗೆ ಕಂಡದ್ದೇ ಬೇರೆ. ನನಗಂತೂ ರಸೆಲ್ ಪರವಾಗಿ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆ ವರ್ಷದ ಫೈನಲ್‌ನ ಏಳನೇ ಪಂದ್ಯದಲ್ಲಿ ಅವರದು 30 ಪಾಯಿಂಟ್, 40 ರಿಬೌಂಡ್.

ಚೇಂಬರ್ಲೇನ್ ಅವರಿಗಿಂತ ಎತ್ತರ, ಬಲಶಾಲಿ, ಪಾಯಿಂಟ್‌ನಲ್ಲಂತೂ ಹೋಲಿಕೆಯೇ ಇಲ್ಲ. ಇಬ್ಬರೂ ಪ್ಲೇಆಫ್‌ನಲ್ಲಿ, ಅಂದರೆ ಕಪ್‌ಗಾಗಿ ಆಡುವ ಕೊನೆಯ ಸುತ್ತುಗಳಲ್ಲಿ, ಎಂಟು ಸಲ ಎದುರಾದರು. ಏಳು ಸಲ ರಸೆಲ್ ತಂಡ ಗೆದ್ದಿತು. ಕೋರ್ಟಿನ ಆಚೆ ಇಬ್ಬರೂ ಗೆಳೆಯರು. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ರಸೆಲ್ ಚೇಂಬರ್ಲೇನ್ ಮನೆಗೆ ಊಟಕ್ಕೆ ಹೋಗುತ್ತಿದ್ದರು. 1965ರಲ್ಲಿ ಚೇಂಬರ್ಲೇನ್‌ಗೆ ವರ್ಷಕ್ಕೆ 1,00,000 ಡಾಲರ್ ಒಪ್ಪಂದ ಆಯಿತು. ರಸೆಲ್ ಆವರ್‌ಬಾಕ್ ಹತ್ತಿರ ಹೋಗಿ ಕೇಳಿದ್ದು 1,00,001. ಸಿಕ್ಕಿತು.

ಸರಿ, ಇದನ್ನೆಲ್ಲ ಒಪ್ಪದವರೂ ಇದ್ದಾರೆ. ಅವರ ಮಾತಿನಲ್ಲೂ ಹುರುಳಿದೆ. ರಸೆಲ್ ಬಂದಾಗ ಲೀಗ್‌ನಲ್ಲಿ ಇದ್ದದ್ದು ಎಂಟೇ ತಂಡ. ಕಪ್‌ಗೆ ಇವತ್ತಿನಷ್ಟು ಸುತ್ತು ಆಡಬೇಕಿರಲಿಲ್ಲ. ಜೊತೆಗಾರರೂ ಒಬ್ಬರಿಗಿಂತ ಒಬ್ಬರು ಘಟಾನುಘಟಿಗಳು: ಕೂಸಿ, ಸ್ಯಾಮ್ ಜೋನ್ಸ್, ಹ್ಯಾವ್ಲಿಚೆಕ್. ಪಂದ್ಯಕ್ಕೆ 22.5 ರಿಬೌಂಡ್ ಅನ್ನೋದನ್ನೂ ಹಾಗೇ ನುಂಗಬಾರದು. ಆಗ ಓಡಾಟ ಜಾಸ್ತಿ, ಗಡಿಬಿಡಿಯ ಶಾಟ್ ಜಾಸ್ತಿ, ತಪ್ಪಿ ಪುಟಿಯುವ ಚೆಂಡೂ ಜಾಸ್ತಿ. ಇಷ್ಟನ್ನೂ ಕಳೆದರೂ ಒಂದು ವಿಷಯ ಉಳಿಯುತ್ತದೆ. ಜೊತೆಗಾರರು ಬದಲಾಗುತ್ತಾ ಹೋದರು. ಶರ್ಮನ್ ಹೋದರು, ಕೂಸಿ ಹೋದರು, ಹೈನ್‌ಸನ್ ಹೋದರು. ಗೆಲುವು ನಿಲ್ಲಲಿಲ್ಲ. ಆಮೇಲೆ ರಸೆಲ್, ಸ್ಯಾಮ್ ಜೋನ್ಸ್ ಒಟ್ಟಿಗೆ ಹೋದರು. ಮರುವರ್ಷವೇ ತಂಡ 34 ಗೆದ್ದು 48 ಸೋತು ಪ್ಲೇಆಫ್‌ಗೂ ಬರಲಿಲ್ಲ.

ಏಳನೇ ಪಂದ್ಯಗಳಲ್ಲಿ ರಸೆಲ್ ಆಡಿದ್ದು ಹತ್ತು, ಗೆದ್ದದ್ದು ಹತ್ತು. ಆದರೆ ಅವರೇನೂ ಉಕ್ಕಿನ ಮನುಷ್ಯ ಅಲ್ಲ. ದೊಡ್ಡ ಪಂದ್ಯದ ಮೊದಲು ಬಾತ್‌ರೂಮಿಗೆ ಹೋಗಿ ವಾಂತಿ ಮಾಡುತ್ತಿದ್ದರು. ಡ್ರೆಸ್ಸಿಂಗ್ ರೂಮಿನವರಿಗೆಲ್ಲ ಆ ಸದ್ದು ಕೇಳುತ್ತಿತ್ತು. ಕೇಳದಿದ್ದರೆ ಅವರಿಗೇ ಗಾಬರಿ! 1965ರಲ್ಲಿ ಚೇಂಬರ್ಲೇನ್ ತಂಡದ ಎದುರು ಏಳನೇ ಪಂದ್ಯ, ಒಂದೇ ಪಾಯಿಂಟ್ ಮುಂದೆ, ಉಳಿದಿರೋದು ಐದು ಸೆಕೆಂಡ್. ರಸೆಲ್ ಗೆರೆಯಾಚೆಯಿಂದ ಚೆಂಡು ಒಳಗೆ ಹಾಕಬೇಕು, ಅಷ್ಟೇ. ಹಾಕಿದ ಚೆಂಡು ರಿಂಗ್‌ನ ಬೋರ್ಡ್ ಕಟ್ಟಿದ್ದ ತಂತಿಗೆ ಬಡಿಯಿತು. ಚೆಂಡು ಎದುರಾಳಿಗೆ. ಅಷ್ಟರಲ್ಲೇ ಏಳು ಕಪ್ ಗೆದ್ದಿದ್ದ ಸರದಾರ ಟೈಮ್‌ಔಟ್‌ನಲ್ಲಿ ಜೊತೆಗಾರರ ಮುಂದೆ ನಿಂತು, ಯಾರಾದರೂ ನನ್ನನ್ನು ಉಳಿಸಿ ಅಂತ ಕೇಳಿಕೊಳ್ಳಬೇಕಾಯಿತು. ಹ್ಯಾವ್ಲಿಚೆಕ್ ಎದುರಾಳಿಯ ಮುಂದಿನ ಪಾಸ್ ಅನ್ನು ಅಡ್ಡಗಟ್ಟಿ ಉಳಿಸಿದರು.

1966ರಲ್ಲಿ ಆವರ್‌ಬಾಕ್ ಕೋಚ್ ಕೆಲಸ ಬಿಟ್ಟು ಅದನ್ನು ರಸೆಲ್‌ಗೆ ಕೊಟ್ಟರು. ಎನ್‌ಬಿಎಯ ಮೊದಲ ಕಪ್ಪು ಜನಾಂಗದ ಹೆಡ್ ಕೋಚ್ ಅವರು. ಜೊತೆಗೆ ಆಡಲೂ ಬೇಕು. ಮೊದಲ ವರ್ಷ ಸೋತರು. ಎರಡನೇ ವರ್ಷ ಫಿಲಡೆಲ್ಫಿಯಾ ಎದುರಿನ ಸರಣಿ ಶುರುವಾಗುವ ಹಿಂದಿನ ದಿನ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾಯಿತು. ಆಡಲು ಯಾರಿಗೂ ಮನಸ್ಸಿರಲಿಲ್ಲ. ಆಡಿದರು, 1-3ರಲ್ಲಿ ಹಿಂದೆ ಬಿದ್ದರು, ಆಮೇಲೆ ಮೂರೂ ಪಂದ್ಯ ಗೆದ್ದು ಫೈನಲ್‌ಗೆ ಹೋಗಿ ಕಪ್ ತಂದರು.

ಕೊನೆಯದು 1969. ರಸೆಲ್‌ಗೆ 35. ತಂಡ ತನ್ನ ವಿಭಾಗದಲ್ಲಿ ನಾಲ್ಕನೇ ಸ್ಥಾನ. ಫೈನಲ್‌ನಲ್ಲಿ ಲಾಸ್ ಏಂಜಲೀಸ್ ಲೇಕರ್ಸ್, ಅದರಲ್ಲಿ ಈಗ ಚೇಂಬರ್ಲೇನ್. ಏಳನೇ ಪಂದ್ಯಕ್ಕೆ ಲೇಕರ್ಸ್ ಮಾಲೀಕರು ಸ್ಟೇಡಿಯಂ ಚಾವಣಿಗೆ ಬಲೆ ಕಟ್ಟಿಸಿ, ಅದರ ತುಂಬ ಬಲೂನ್ ಹಾಕಿಸಿದ್ದರು. ಗೆದ್ದ ತಕ್ಷಣ ಬೀಳಿಸಬೇಕು ಅಂತ. ಬಾಸ್ಟನ್‌ನವರು ಅದನ್ನು ನೋಡಿಕೊಂಡೇ ಕೋರ್ಟಿಗೆ ಇಳಿದರು. 108-106. ಬಲೂನ್ ಮೇಲೇ ಉಳಿದವು. ಆ ಪಂದ್ಯದ ಕೊನೆಯಲ್ಲಿ ಚೇಂಬರ್ಲೇನ್ ಮೊಣಕಾಲು ನೋವೆಂದು ಹೊರಗೆ ಬಂದಿದ್ದರು, ಮತ್ತೆ ಕಳಿಸಿ ಎಂದಾಗ ಅವರ ಕೋಚ್ ಒಪ್ಪಲಿಲ್ಲ. ರಸೆಲ್ ಆಮೇಲೆ ಬಹಿರಂಗವಾಗಿ ಅದನ್ನು ಆಡಿಕೊಂಡರು. ಗೆಳೆತನ ಮುರಿಯಿತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಮಾತಿಲ್ಲ. ತಪ್ಪು ನನ್ನದು ಅಂತ ರಸೆಲ್ ಒಪ್ಪಿಕೊಂಡ ಮೇಲೆ ಸರಿಹೋಯಿತು.

ಇಷ್ಟೆಲ್ಲ ಗೆದ್ದುಕೊಟ್ಟ ಊರು ಅವರನ್ನು ಹೇಗೆ ನೋಡಿಕೊಂಡಿತು? ಬಾಸ್ಟನ್ ಹತ್ತಿರದ ರೆಡಿಂಗ್‌ನಲ್ಲಿ ಅವರ ಮನೆ. ಅಲ್ಲಿಗೆ ನುಗ್ಗಿದವರು ಗೋಡೆ ಮೇಲೆ ಹೊಲಸು ಬೈಗುಳ ಬರೆದು, ಟ್ರೋಫಿಗಳನ್ನು ಒಡೆದು, ಹಾಸಿಗೆ ಮೇಲೆ ಮಲ ವಿಸರ್ಜನೆ ಮಾಡಿ ಹೋಗಿದ್ದರು. 1961ರಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ಪ್ರದರ್ಶನ ಪಂದ್ಯಕ್ಕೆ ಹೋದಾಗ ಹೋಟೆಲ್ ಕಾಫಿ ಶಾಪ್‌ನಲ್ಲಿ ಕಪ್ಪು ಆಟಗಾರರಿಗೆ ತಿಂಡಿ ಕೊಡಲಿಲ್ಲ. ರಸೆಲ್ ಮತ್ತು ಕಪ್ಪು ಜೊತೆಗಾರರು ಆಡದೆ ವಿಮಾನ ಹತ್ತಿ ವಾಪಸ್ ಬಂದರು. ಆಟಗಾರರು ಬಾಯಿ ಮುಚ್ಚಿಕೊಂಡು ಆಡಬೇಕಿದ್ದ ಕಾಲದಲ್ಲಿ ಅದು ಸಣ್ಣ ಮಾತಲ್ಲ. 1963ರಲ್ಲಿ ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಮೆಡ್ಗರ್ ಎವರ್ಸ್ ಕೊಲೆಯಾದ ಮೇಲೆ ಮಿಸಿಸಿಪಿಯ ಜ್ಯಾಕ್ಸನ್‌ಗೆ ಹೋಗಿ, ಕಪ್ಪು ಬಿಳಿ ಮಕ್ಕಳನ್ನು ಒಟ್ಟಿಗೆ ಸೇರಿಸಿ ಬಾಸ್ಕೆಟ್‌ಬಾಲ್ ಕಲಿಸಿದರು. 1967ರಲ್ಲಿ ಮೊಹಮ್ಮದ್ ಅಲಿ ಸೈನ್ಯಕ್ಕೆ ಸೇರಲ್ಲ ಅಂದಾಗ ಕ್ಲೀವ್‌ಲೆಂಡ್‌ನಲ್ಲಿ ಅವರ ಪಕ್ಕ ಕೂತವರಲ್ಲಿ ಒಬ್ಬರು ರಸೆಲ್.

ಇದರಿಂದಲೇ ಇರಬೇಕು, ಜನರ ಚಪ್ಪಾಳೆಯಿಂದ ಅವರು ದೂರ ನಿಂತರು. ಆಟೋಗ್ರಾಫ್ ಕೊಡುತ್ತಿರಲಿಲ್ಲ. ಕೈಕುಲುಕಿ ಎರಡು ಮಾತಾಡೋಣ ಬನ್ನಿ ಅನ್ನುತ್ತಿದ್ದರು. 1972ರಲ್ಲಿ ಅವರ 6ನೇ ನಂಬರ್ ಜೆರ್ಸಿಯನ್ನು ಬಾಸ್ಟನ್ ಗಾರ್ಡನ್ ಸ್ಟೇಡಿಯಂನಲ್ಲಿ ಗೌರವಕ್ಕಾಗಿ ಚಾವಣಿಗೆ ಏರಿಸಿದಾಗ ಪ್ರೇಕ್ಷಕರನ್ನು ಇನ್ನೂ ಒಳಗೆ ಬಿಟ್ಟಿರಲಿಲ್ಲ. ಅವರೇ ಹಾಗೆ ಕೇಳಿದ್ದರು. ಖಾಲಿ ಕುರ್ಚಿಗಳು, ಕೆಲವೇ ಜೊತೆಗಾರರು. 1975ರಲ್ಲಿ ಬಾಸ್ಕೆಟ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಆರಿಸಿದರು, ಹೋಗಲಿಲ್ಲ. ಅದರ ಉಂಗುರ ತೆಗೆದುಕೊಂಡಿದ್ದು 44 ವರ್ಷದ ಮೇಲೆ, 2019ರಲ್ಲಿ. ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಕಪ್ಪು ಆಟಗಾರ ಚಕ್ ಕೂಪರ್‌ಗೆ ಆ ವರ್ಷ ಹಾಲ್ ಆಫ್ ಫೇಮ್‌ನಲ್ಲಿ ಜಾಗ ಸಿಕ್ಕಿತ್ತು. ಅವರಂಥವರಿಗಿಂತ ಮೊದಲು ನನಗೆ ಬೇಡ ಅನ್ನೋದು ರಸೆಲ್ ಹಟವಾಗಿತ್ತು. 1969ರಲ್ಲಿ ಶುರುವಾದ ಫೈನಲ್ಸ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿಗೆ 2009ರಿಂದ ಅವರ ಹೆಸರು. ಅವರು ಅದನ್ನು ಒಮ್ಮೆಯೂ ಗೆಲ್ಲಲಿಲ್ಲ. ಮೊದಲ ವರ್ಷ ಅದು ಸೋತ ತಂಡದ ಜೆರ್ರಿ ವೆಸ್ಟ್‌ಗೆ ಹೋಗಿತ್ತು!

2022ರ ಜುಲೈ 31ರಂದು, 88ನೇ ವಯಸ್ಸಿನಲ್ಲಿ ರಸೆಲ್ ತೀರಿಕೊಂಡರು. ಎನ್‌ಬಿಎ ಎಂದೂ ಮಾಡದ ಕೆಲಸ ಮಾಡಿತು. ಇನ್ನು ಮುಂದೆ ಲೀಗ್‌ನ ಯಾವ ತಂಡದಲ್ಲೂ ಹೊಸದಾಗಿ 6ನೇ ನಂಬರ್ ಯಾರಿಗೂ ಇಲ್ಲ ಎಂದಿತು. ಆಗಲೇ ಹಾಕಿಕೊಳ್ಳುತ್ತಿದ್ದವರು ಬೇಕಿದ್ದರೆ ಮುಂದುವರಿಸಬಹುದಿತ್ತು. ಅವರಲ್ಲಿ ಒಬ್ಬರು ಲೆಬ್ರಾನ್ ಜೇಮ್ಸ್. ಒಂದು ಸೀಸನ್ 6ರಲ್ಲೇ ಆಡಿದರು. 2023ರಲ್ಲಿ, ಯಾರೂ ಹೇಳದೆ, ತಮ್ಮ ಹಳೆಯ 23ಕ್ಕೆ ಮರಳಿದರು.